ನೀವು ಬರೆಯದ ಎರಡು ಹಾಳೆಗಳು

ಪ್ರಶ್ನೆ: ನಮ್ಮ ಯಜಮಾನರಿಗೆ ಈಗ 54 ವರ್ಷ. ಸಾಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾರೆ. ಕೋವಿಡ್‌ಗೆ ಹೆದರಿ 2020ರ ಆಗಸ್ಟ್‌ನಲ್ಲಿ ಪರಿಚಯದ ಏಜೆಂಟರ ಮೂಲಕ ಇಬ್ಬರಿಗೂ ಸೇರಿ ಐದು ಲಕ್ಷದ ಆರೋಗ್ಯ ವಿಮೆ ಮಾಡಿಸಿದೆವು. ಅವರು ಫೋನಿನಲ್ಲೇ ಹೆಸರು, ವಯಸ್ಸು, ಆಧಾರ್ ಸಂಖ್ಯೆ ಕೇಳಿ, ಒಂದು ಓಟಿಪಿ ಪಡೆದು ಕೆಲಸ ಮುಗಿಸಿದರು. ಅಲ್ಲಿಂದೀಚೆಗೆ ಒಂದು ವರ್ಷವೂ ಕಂತು ತಪ್ಪಿಸಿಲ್ಲ. 2024ರ ಡಿಸೆಂಬರ್‌ನಲ್ಲಿ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಾಗ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕಿದರು. ಬಿಲ್ಲು 3,42,000 ರೂಪಾಯಿ ಆಯಿತು. ಕ್ಯಾಶ್‌ಲೆಸ್ ಕೊಡಲಿಲ್ಲ. ಬಂಗಾರ ಅಡವಿಟ್ಟು ಬಿಲ್ಲು ಕಟ್ಟಿ, ಆಮೇಲೆ ಕಾಗದಪತ್ರ ಕಳಿಸಿದರೆ ಫೆಬ್ರುವರಿಯಲ್ಲಿ ಕಂಪನಿಯ ಪತ್ರ ಬಂತು. ಆರು ವರ್ಷಗಳಿಂದ ರಕ್ತದೊತ್ತಡ ಇದ್ದದ್ದನ್ನು ಮುಚ್ಚಿಟ್ಟಿದ್ದೀರಿ, ಆದ್ದರಿಂದ ಹಣ ಕೊಡಲಾಗದು ಎಂದು ಅದರಲ್ಲಿದೆ. ಇವರಿಗೆ ಬಿಪಿ ಇದೆಯೆಂದು ಗೊತ್ತಾದದ್ದೇ 2022ರ ಕೊನೆಯಲ್ಲಿ. ಆಸ್ಪತ್ರೆಗೆ ಸೇರಿಸುವಾಗ ಜೊತೆಗಿದ್ದ ಮೈದುನನ ಮಗ ಗಾಬರಿಯಲ್ಲಿ ‘ಐದಾರು ವರ್ಷದಿಂದ ಇರಬೇಕು’ ಎಂದನಂತೆ. ಮೂರು ವರ್ಷ ಕಳೆದ ಮೇಲೆ ಕಂಪನಿ ಹೀಗೆ ಹೇಳುವಂತಿಲ್ಲ ಎಂದು ಕೆಲವರು ಹೇಳುತ್ತಾರೆ. ಲಾಯರ್ ನೋಟಿಸ್ ಕೊಡಿ ಎಂದು ಇನ್ನು ಕೆಲವರು. ಈ ವಿಮೆಯೆಲ್ಲ ಹಗಲುದರೋಡೆ ಅನ್ನಿಸಿಬಿಟ್ಟಿದೆ. ಕಂತು ನಿಲ್ಲಿಸಿ ಆ ದುಡ್ಡನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡೋಣವೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಸಿಟ್ಟು ನನಗೆ ಹೊಸದಲ್ಲ. ನಾನು ವೈದ್ಯ. ಹನ್ನೊಂದು ವರ್ಷ ಒಂದು ಟಿಪಿಎಯಲ್ಲಿ, ಅಂದರೆ ವಿಮಾ ಕಂಪನಿಗಳ ಪರವಾಗಿ ಆಸ್ಪತ್ರೆಯ ಕಾಗದಗಳನ್ನು ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆಯಲ್ಲಿ, ಕ್ಲೇಮುಗಳನ್ನು ನೋಡುತ್ತಿದ್ದೆ. ಈಗ ಮೇಜಿನ ಈಚೆ ಕಡೆ ಕುಳಿತು ಪಾಲಿಸಿದಾರರಿಗೆ ದೂರು ಸಿದ್ಧಪಡಿಸಲು ನೆರವಾಗುತ್ತಿದ್ದೇನೆ. ನೀವು ಕೇಳಿರುವುದು ನಾಲ್ಕು ಪ್ರಶ್ನೆಗಳಾದರೂ ಅವುಗಳ ಹಿಂದಿರುವ ಚಿಂತೆ ಒಂದೇ: ನಾಲ್ಕು ವರ್ಷ ನಂಬಿ ಹಣ ಕಟ್ಟಿದವರನ್ನು ಸುಳ್ಳುಗಾರರೆಂದು ಕರೆದ ಕಂಪನಿಯೊಂದಿಗೆ ಇನ್ನು ವ್ಯವಹಾರ ಮಾಡಬೇಕೇ, ಮಾಡಿದರೆ ಕೊಟ್ಟ ಹಣ ಮರಳುತ್ತದೆಯೇ ಎಂಬುದು. ನಿಮ್ಮ ಪ್ರಕರಣದಲ್ಲಿ ಗೆಲ್ಲುವ ಆಧಾರ ಗಟ್ಟಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಬಂಧುಗಳು ಹೇಳುತ್ತಿರುವ ಕಾರಣಕ್ಕಾಗಿ ಅಲ್ಲ.

ಮೊದಲು ಆ ‘ಮೂರು ವರ್ಷ’ದ ಮಾತು. ಎರಡು ಬೇರೆ ಬೇರೆ ನಿಯಮಗಳು ಜನರ ಬಾಯಲ್ಲಿ ಕಲಸಿಹೋಗಿವೆ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ತುಂಬಿದ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂಬುದು ಜೀವವಿಮೆಗೆ ಸಂಬಂಧಿಸಿದ್ದು. ಆರೋಗ್ಯ ವಿಮೆಗೆ ಬೇರೆಯೇ ಗಡುವು ಇದೆ. ಹಿಂದೆ ಎಂಟು ವರ್ಷ ಇದ್ದ ಈ ಗಡುವನ್ನು ವಿಮಾ ನಿಯಂತ್ರಣ ಪ್ರಾಧಿಕಾರವು, ಅಂದರೆ ಐಆರ್‌ಡಿಎಐ, 2024ರ ಏಪ್ರಿಲ್‌ನಿಂದ 60 ತಿಂಗಳಿಗೆ ಇಳಿಸಿತು. ಬಿಡುವಿಲ್ಲದೆ 60 ತಿಂಗಳು ಪಾಲಿಸಿ ನಡೆದಿದ್ದರೆ, ಅದಾದ ಮೇಲೆ ವಂಚನೆಯೆಂದು ಸಾಬೀತುಪಡಿಸದ ಹೊರತು ‘ಕಾಯಿಲೆ ಮುಚ್ಚಿಟ್ಟಿರಿ’ ಎಂಬ ಕಾರಣ ಹೇಳುವಂತಿಲ್ಲ. ನಿಮ್ಮ ಪಾಲಿಸಿಗೆ ಆಸ್ಪತ್ರೆ ಸೇರಿದ ದಿನ 52 ತಿಂಗಳಾಗಿತ್ತು. ಎಂಟು ತಿಂಗಳ ಕೊರತೆ. ಹಾಗಾಗಿ ಈ ನಿಯಮವನ್ನು ನಿಮ್ಮ ದೂರಿನಲ್ಲಿ ಎತ್ತಬೇಡಿ. ಎತ್ತಿದರೆ ಕಂಪನಿಯವರು ಅದೊಂದನ್ನೇ ಹಿಡಿದು ನಿಮ್ಮ ಉಳಿದ ವಾದವನ್ನೂ ಹಗುರ ಮಾಡುತ್ತಾರೆ.

ಇನ್ನೊಂದು ನಿಯಮ ಕಾಯುವ ಅವಧಿಯದು. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಕಂಪನಿ ಹೆಚ್ಚೆಂದರೆ ಇಷ್ಟು ತಿಂಗಳು ಕಾಯಿಸಬಹುದು ಎಂಬ ಮಿತಿ ಹಿಂದೆ 48 ತಿಂಗಳಿತ್ತು, ಈಗ 36. ಹಳೆಯ ಲೆಕ್ಕದಲ್ಲಿ ನೋಡಿದರೂ ನಿಮ್ಮದು 2024ರ ಆಗಸ್ಟ್‌ಗೆ ಮುಗಿದಿತ್ತು. ಅಂದರೆ ಯಜಮಾನರಿಗೆ 2020ರಲ್ಲೇ ಬಿಪಿ ಇತ್ತೆಂದೂ, ಅದನ್ನು ಅರ್ಜಿಯಲ್ಲಿ ಬರೆದಿದ್ದರೆಂದೂ, ಕಂಪನಿ ಒಪ್ಪಿ ಪಾಲಿಸಿ ಕೊಟ್ಟಿತ್ತೆಂದೂ ಇಟ್ಟುಕೊಳ್ಳಿ. ಆಗಲೂ ಡಿಸೆಂಬರ್‌ನ ಈ ಕ್ಲೇಮಿಗೆ ಬಿಪಿ ಅಡ್ಡ ಬರುತ್ತಿರಲಿಲ್ಲ. ಕಂಪನಿ ಹಿಡಿದಿರುವುದು ಕಾಯಿಲೆಯನ್ನಲ್ಲ, ಅದನ್ನು ಹೇಳಲಿಲ್ಲ ಎಂಬುದನ್ನು. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ಬಿಪಿಗೂ ಹೃದಯಾಘಾತಕ್ಕೂ ಸಂಬಂಧವಿಲ್ಲ ಎಂದು ವಾದಿಸಲು ಹೋಗುತ್ತಾರೆ. ಸಂಬಂಧ ಇದೆ. ವೈದ್ಯನಾಗಿ ನಾನು ಅದನ್ನು ಅಲ್ಲಗಳೆಯಲಾರೆ, ನೀವೂ ಆ ದಾರಿಗೆ ಹೋಗಬೇಡಿ.

ಹಾಗಾದರೆ ನಿಮ್ಮ ಕ್ಲೇಮು ಬಿದ್ದದ್ದು ಎಲ್ಲಿ? ನಾನು ನೋಡಿದ ತಿರಸ್ಕಾರಗಳಲ್ಲಿ ಬಹುಪಾಲು ಎರಡು ಹಾಳೆಗಳ ನಡುವಿನ ಜಗಳ. ಒಂದು, ಪಾಲಿಸಿ ಮಾಡಿಸುವ ದಿನ ತುಂಬಿದ ಪ್ರೊಪೋಸಲ್ ಫಾರಂ; ಇನ್ನೊಂದು, ಆಸ್ಪತ್ರೆಗೆ ಸೇರಿಸಿದ ದಿನ ಡ್ಯೂಟಿ ಡಾಕ್ಟರು ಬರೆದ ಕೇಸ್ ಶೀಟಿನ ಮೊದಲ ಪುಟ. ಎರಡನ್ನೂ ಪಾಲಿಸಿದಾರರು ಬರೆದಿರುವುದಿಲ್ಲ, ಓದಿರುವುದೂ ಇಲ್ಲ. ಫಾರಂನಲ್ಲಿ ‘ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ’ ಎಂಬ ಸಾಲುಗಳ ಎದುರು ಏಜೆಂಟರು ಕೇಳದೆಯೇ ‘ಇಲ್ಲ, ಇಲ್ಲ, ಇಲ್ಲ’ ಎಂದು ಒತ್ತಿರುತ್ತಾರೆ. ಒಂದು ‘ಹೌದು’ ಒತ್ತಿದರೆ ವೈದ್ಯಕೀಯ ತಪಾಸಣೆ, ಹೆಚ್ಚುವರಿ ಕಂತು, ತಡ; ಕೆಲವೊಮ್ಮೆ ಪಾಲಿಸಿಯೇ ಆಗುವುದಿಲ್ಲ, ಕಮಿಷನ್ನೂ ಬರುವುದಿಲ್ಲ. ನಿಮ್ಮಿಂದ ಪಡೆದ ಆ ಓಟಿಪಿಯೇ ಕಾಗದದ ಮೇಲೆ ನಿಮ್ಮ ರುಜು.

ಎರಡನೆಯ ಹಾಳೆಯ ಕಥೆ ಇನ್ನೂ ವಿಚಿತ್ರ. ರಾತ್ರಿ ಎರಡು ಗಂಟೆಗೆ ಎದೆನೋವಿನ ರೋಗಿ ಸ್ಟ್ರೆಚರಿನ ಮೇಲೆ ಬಂದಾಗ ಡ್ಯೂಟಿ ಡಾಕ್ಟರು ಒಂದು ಕೈಯಲ್ಲಿ ಇಸಿಜಿ ಪಟ್ಟಿ ಹಿಡಿದು, ಜೊತೆ ಬಂದವರ ಕಡೆ ತಿರುಗಿ ‘ಬಿಪಿ ಇದೆಯಾ? ಎಷ್ಟು ವರ್ಷದಿಂದ?’ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಚಿಕಿತ್ಸೆಗೆ ಸಾಲುವಷ್ಟು ಮಾಹಿತಿ. ವರ್ಷ ಎರಡಾದರೇನು, ಆರಾದರೇನು, ಕೊಡುವ ಮದ್ದು ಬದಲಾಗದು. ‘ಐದಾರು’ ಎಂದು ಕಿವಿಗೆ ಬಿದ್ದದ್ದು ಹಾಳೆಯ ಮೇಲೆ ‘ಕೆ/ಸಿ/ಓ ಎಚ್‌ಟಿಎನ್, 6 ಇಯರ್ಸ್’, ಅಂದರೆ ಆರು ವರ್ಷದಿಂದ ರಕ್ತದೊತ್ತಡ ಇರುವವರು, ಎಂಬ ಒಂದೇ ಸಾಲಾಗುತ್ತದೆ. ಡಿಸ್ಚಾರ್ಜ್ ಸಮರಿ ಟೈಪು ಮಾಡುವವರು ಅದನ್ನು ಹಾಗೇ ನಕಲು ಮಾಡುತ್ತಾರೆ. ಅಲ್ಲಿಂದ ಆ ಸಾಲು ನನ್ನಂಥವರ ಮೇಜಿಗೆ ಬರುತ್ತದೆ. ಪಾಲಿಸಿ 2020ರದು, ಬಿಪಿ 2018ರದು, ಫಾರಂನಲ್ಲಿ ‘ಇಲ್ಲ’. ಮೂರನ್ನೂ ಕೂಡಿಸಿ ಪತ್ರ ಸಿದ್ಧಪಡಿಸಲು ಐದು ನಿಮಿಷ ಬೇಕಿಲ್ಲ. ನಾನೂ ಅಂಥ ಶಿಫಾರಸುಗಳನ್ನು ಬರೆದಿದ್ದೇನೆ. ದಿನಕ್ಕೆ ನೋಡಬೇಕಾದ ಫೈಲುಗಳ ಸಂಖ್ಯೆ ನಿಗದಿಯಾಗಿರುವಾಗ ಆ ಸಾಲನ್ನು ಯಾರು ಹೇಳಿದರು, ಹೇಳಿದವರಿಗೆ ಗೊತ್ತಿತ್ತೇ ಎಂದು ವಿಚಾರಿಸುವ ವ್ಯವಧಾನ ಇರುತ್ತಿರಲಿಲ್ಲ. ಅದು ಸಮರ್ಥನೆಯಲ್ಲ, ನಡೆಯುವ ರೀತಿ.

‘ಹಗಲುದರೋಡೆ’ ಎಂದಿದ್ದೀರಿ. ಐಆರ್‌ಡಿಎಐಯ 2023–24ರ ವಾರ್ಷಿಕ ವರದಿಯ ಪ್ರಕಾರ ಆ ವರ್ಷ ಆರೋಗ್ಯ ವಿಮೆಯಲ್ಲಿ ಸುಮಾರು 1.17 ಲಕ್ಷ ಕೋಟಿ ರೂಪಾಯಿಯ ಕ್ಲೇಮುಗಳಿದ್ದು, ಕಂಪನಿಗಳು ಕೊಟ್ಟದ್ದು ಸುಮಾರು 83,500 ಕೋಟಿ. ಪೂರ್ತಿ ತಿರಸ್ಕರಿಸಿದ್ದು ಸುಮಾರು 10,900 ಕೋಟಿ, ಪಾಲಿಸಿಯ ಷರತ್ತುಗಳ ಹೆಸರಿನಲ್ಲಿ ಒಪ್ಪದೆ ಬಿಟ್ಟದ್ದು ಸುಮಾರು 15,100 ಕೋಟಿ, ಮಿಕ್ಕದ್ದು ಬಾಕಿ. ಕೇಳಿದ ನೂರು ರೂಪಾಯಿಯಲ್ಲಿ ಎಪ್ಪತ್ತೊಂದು ಸಿಕ್ಕಿದೆ ಎಂದಾಗ ಅದನ್ನು ದರೋಡೆ ಎನ್ನಲಾಗದು. ಹಾಗೆಂದು ಜಾಹೀರಾತುಗಳಲ್ಲಿ ಹೊಳೆಯುವ ‘ನೂರಕ್ಕೆ ತೊಂಬತ್ತೆಂಟು ಕ್ಲೇಮು ಇತ್ಯರ್ಥ’ ಎಂಬ ಮಾತನ್ನೂ ಹಾಗೇ ನಂಬಬೇಡಿ. ಆ ಲೆಕ್ಕ ಸಾಮಾನ್ಯವಾಗಿ ಕ್ಲೇಮುಗಳ ಸಂಖ್ಯೆಯದು, ಹಣದ್ದಲ್ಲ. ಮೂರು ಲಕ್ಷ ಕೇಳಿದವರಿಗೆ ಒಂದೂವರೆ ಲಕ್ಷ ಕೊಟ್ಟರೂ ಅದು ಒಂದು ಇತ್ಯರ್ಥವೇ.

ಈಗ ನಿಮ್ಮ ಆಧಾರಕ್ಕೆ ಬರುತ್ತೇನೆ. ನಿಯಮದ ಭಾಷೆಯಲ್ಲಿ ‘ಮೊದಲೇ ಇದ್ದ ಕಾಯಿಲೆ’ ಎಂದರೆ ದೇಹದೊಳಗೆ ಎಂದೋ ಶುರುವಾದದ್ದಲ್ಲ. ಪಾಲಿಸಿಗೆ ಮುಂಚೆ ವೈದ್ಯರು ಗುರುತಿಸಿದ, ಇಲ್ಲವೇ ಸಲಹೆ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ. ಗೊತ್ತಿಲ್ಲದ್ದನ್ನು ಹೇಳಬೇಕೆಂದು ಯಾವ ಒಪ್ಪಂದವೂ ಕೇಳಲಾರದು. ಮುಚ್ಚಿಟ್ಟಿದ್ದಾರೆ ಎಂದು ಸಾಬೀತು ಮಾಡುವ ಹೊಣೆಯೂ ಕಂಪನಿಯದೇ. ಕೇಸ್ ಶೀಟಿನ ಇತಿಹಾಸದ ಸಾಲೊಂದನ್ನೇ ಹಿಡಿದು, ಅದಕ್ಕೂ ಹಿಂದಿನ ಚೀಟಿಯಾಗಲೀ ವೈದ್ಯರ ಹೇಳಿಕೆಯಾಗಲೀ ಇಲ್ಲದೆ ತಿರಸ್ಕರಿಸಿದ ಕ್ಲೇಮುಗಳಲ್ಲಿ ಗ್ರಾಹಕರ ಆಯೋಗಗಳು ಮತ್ತೆ ಮತ್ತೆ ಪಾಲಿಸಿದಾರರ ಪರ ನಿಂತಿವೆ. ಸುಪ್ರೀಂ ಕೋರ್ಟಿನ ತೀರ್ಪುಗಳು ಎರಡೂ ಕಡೆ ಇವೆ. ಗಂಭೀರ ಮೂತ್ರಪಿಂಡದ ಕಾಯಿಲೆ ಇದ್ದೂ ‘ಆರೋಗ್ಯವಾಗಿದ್ದೇನೆ’ ಎಂದು ಬರೆದವರ ಪ್ರಕರಣದಲ್ಲಿ 2009ರಲ್ಲಿ ಅದು ಕಂಪನಿಯನ್ನೇ ಎತ್ತಿಹಿಡಿಯಿತು. 2021ರ ಡಿಸೆಂಬರ್‌ನಲ್ಲಿ, ಅಮೆರಿಕಕ್ಕೆ ಹೋದಾಗ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರೊಬ್ಬರ ಪ್ರಕರಣದಲ್ಲಿ, ಅರ್ಜಿಯಲ್ಲಿ ತಿಳಿಸಿದ ಆರೋಗ್ಯಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ ಅದನ್ನೇ ನೆಪ ಮಾಡಿ ಹಿಂದೆ ಸರಿಯುವಂತಿಲ್ಲ ಎಂದಿತು. ಈ ಎರಡನೆಯ ತೀರ್ಪು ಎಲ್ಲ ನೋಟಿಸುಗಳಲ್ಲೂ ಕಾಣಿಸಿಕೊಳ್ಳುತ್ತದೆ. ನಿಮಗೆ ಅದು ಪೂರ್ತಿ ಒದಗದು. ಅವರು ಸಕ್ಕರೆ ಕಾಯಿಲೆಯನ್ನು ಬರೆದಿದ್ದರು, ನಿಮ್ಮ ಫಾರಂನಲ್ಲಿ ಎಲ್ಲವೂ ‘ಇಲ್ಲ’. ನಿಮ್ಮ ಗೆಲುವು ಇರುವುದು ಒಂದೇ ಸಂಗತಿಯ ಮೇಲೆ: 2020ರ ಆಗಸ್ಟ್‌ಗೆ ಮುಂಚೆ ಯಾವ ವೈದ್ಯರೂ ಇವರಿಗೆ ಬಿಪಿ ಎಂದಿರಲಿಲ್ಲ.

ಅದನ್ನು ತೋರಿಸುವುದು ಹೇಗೆ? ಇಲ್ಲದ್ದಕ್ಕೆ ದಾಖಲೆ ಎಲ್ಲಿಂದ ತರಲಿ ಎನ್ನಬಹುದು. ಹಾಸನದ ಕಡೆಯ ರೈತರೊಬ್ಬರ ಕಡತ ಹೀಗೇ ಬಿದ್ದಿತ್ತು. ಮನೆಯವರು ಟ್ರಂಕಿನಲ್ಲಿ ಹುಡುಕಿದಾಗ ಪಾಲಿಸಿಗೆ ಎರಡು ವರ್ಷ ಮುಂಚಿನ ಹರ್ನಿಯಾ ಆಪರೇಷನ್ನಿನ ಫಿಟ್‌ನೆಸ್ ಚೀಟಿ ಸಿಕ್ಕಿತು. ಅರಿವಳಿಕೆ ವೈದ್ಯರು ಅದರಲ್ಲಿ ಬಿಪಿ 124/80, ಬೇರೆ ಕಾಯಿಲೆ ಇಲ್ಲ ಎಂದು ಬರೆದು ಸಹಿ ಮಾಡಿದ್ದರು. ಹಳದಿಗಟ್ಟಿದ, ಅಂಗೈಯಗಲದ ಆ ಚೀಟಿಯ ಮುಂದೆ ಆರು ವರ್ಷದ ಕಥೆ ನಿಲ್ಲಲಿಲ್ಲ. ನಿಮ್ಮ ಯಜಮಾನರು 2018ರಿಂದ 2020ರ ನಡುವೆ ಎಲ್ಲಾದರೂ ರಕ್ತದಾನ ಮಾಡಿದ್ದರೇ, ವರ್ತಕರ ಸಂಘದ ತಪಾಸಣಾ ಶಿಬಿರಕ್ಕೆ ಹೋಗಿದ್ದರೇ, ಜ್ವರಕ್ಕೆಂದು ತೋರಿಸಿಕೊಂಡಾಗ ಚೀಟಿಯ ಮೂಲೆಯಲ್ಲಿ ಬಿಪಿ ಬರೆದಿದ್ದರೇ ನೋಡಿ. ಜೊತೆಗೆ 2022ರಲ್ಲಿ ಮೊದಲು ಬಿಪಿ ಗುರುತಿಸಿದ ವೈದ್ಯರಿಂದ ‘ಈ ದಿನಾಂಕದಂದು ಮೊದಲ ಬಾರಿ ಗುರುತಿಸಿದೆ’ ಎಂಬ ಪತ್ರ, ಆ ದಿನದ ಮೂಲ ಚೀಟಿ, ಮೆಡಿಕಲ್ ಶಾಪಿನ ಮೊದಲ ಬಿಲ್ಲು. ಮೈದುನನ ಮಗನಿಂದ, ತಾನು ಬೇರೆ ಮನೆಯಲ್ಲಿರುವವನು, ಅಂದಾಜಿನಿಂದ ಹೇಳಿದೆ ಎಂಬ ಪ್ರಮಾಣಪತ್ರ. ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟಿನ ನಕಲು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಿಯಮವೇ ಇದೆ. ಚಿಕಿತ್ಸೆ ಕೊಟ್ಟ ಹೃದ್ರೋಗ ತಜ್ಞರು ಇತಿಹಾಸದ ಆ ಸಾಲು ಜೊತೆಗಿದ್ದವರ ಮಾತಿನಿಂದ ಬಂದದ್ದು, ತಮ್ಮ ಪರೀಕ್ಷೆಯಿಂದಲ್ಲ ಎಂದು ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ.

ಇಲ್ಲಿ ಒಂದು ಮಾತನ್ನು ಮುಚ್ಚಿಟ್ಟು ಉತ್ತರ ಬರೆಯಲಾರೆ. ಯಜಮಾನರು 2020ಕ್ಕೆ ಮುಂಚೆಯೇ ಬಿಪಿ ಮಾತ್ರೆ ನುಂಗುತ್ತಿದ್ದರು, ನಿಮಗೆ ಹೇಳಿರಲಿಲ್ಲ ಎಂದಾದರೆ ಮೇಲಿನ ವಾದವೆಲ್ಲ ಕುಸಿಯುತ್ತದೆ. ಕಂಪನಿಗಳು ತನಿಖೆಗಾರರನ್ನು ಊರಿಗೆ ಕಳಿಸಿ ಪರಿಚಯದ ಡಾಕ್ಟರನ್ನೂ ಮೆಡಿಕಲ್ ಶಾಪನ್ನೂ ವಿಚಾರಿಸುತ್ತವೆ. ಮೊದಲು ಮನೆಯಲ್ಲಿ ಕುಳಿತು ಅದನ್ನು ಸ್ಪಷ್ಟ ಮಾಡಿಕೊಳ್ಳಿ. ಹಿಂದಿನ ದಿನಾಂಕ ಹಾಕಿದ ಸರ್ಟಿಫಿಕೇಟನ್ನು ಎಷ್ಟೇ ಪರಿಚಯದ ಡಾಕ್ಟರು ಕೊಡುತ್ತೇನೆಂದರೂ ಮುಟ್ಟಬೇಡಿ. ಸಿಕ್ಕಿಬಿದ್ದರೆ ಇಂದು ಬರೀ ‘ತಿಳಿಸಲಿಲ್ಲ’ ಎಂದಿರುವುದು ನಾಳೆ ‘ವಂಚನೆ’ ಆಗುತ್ತದೆ.

ದೂರಿನ ದಾರಿಗಳಲ್ಲಿ ಅನುಕ್ರಮ ಮುಖ್ಯ. ಮೊದಲ ಅರ್ಜಿ ಕಂಪನಿಯ ಕುಂದುಕೊರತೆ ಅಧಿಕಾರಿಗೇ ಹೋಗಬೇಕು, ಅದನ್ನೇ ಐಆರ್‌ಡಿಎಐಯ ದೂರು ಪೋರ್ಟಲ್ ‘ಬಿಮಾ ಭರೋಸಾ’ದಲ್ಲೂ ದಾಖಲಿಸಿ ಸಂಖ್ಯೆ ಪಡೆಯಿರಿ. 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಅದರಲ್ಲಿ ಮೂರು ವಿಷಯ ನೇರವಾಗಿ ಕೇಳಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದಿರಿ, ಪ್ರೊಪೋಸಲ್ ಫಾರಂನ ನಕಲು ಮತ್ತು ಆ ದಿನದ ಫೋನ್ ಧ್ವನಿಮುದ್ರಣ ಎಲ್ಲಿ, ಮತ್ತು ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇದೆಯೇ. 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಅಂಥ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸದೆಯೂ ತಿರಸ್ಕರಿಸುವಂತಿಲ್ಲ. ಈ ಮೂರನೆಯ ಪ್ರಶ್ನೆ ಕೇಳಿದ ಕೂಡಲೇ ಕಡತ ಮೇಲಿನ ಮೇಜಿಗೆ ಹೋಗುವುದನ್ನು ನೋಡಿದ್ದೇನೆ.

ಅಲ್ಲಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ, ವಿಮಾ ಲೋಕಪಾಲರ ಬಳಿ ಹೋಗಿ; ಜನ ಒಂಬುಡ್ಸ್‌ಮನ್ ಎನ್ನುವುದು ಇವರನ್ನೇ. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಶುಲ್ಕ ಇಲ್ಲ, ವಕೀಲರಿಗೆ ಅವಕಾಶವೂ ಇಲ್ಲ, ನೀವೇ ಮಾತಾಡಬೇಕು. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಕಂಪನಿಯ ನಿರಾಕರಣೆಯಿಂದ ಒಂದು ವರ್ಷದೊಳಗೆ ಹೋಗಬೇಕು. ಇವರ ತೀರ್ಪಿಗೆ ಕಂಪನಿ ಬದ್ಧ, ನೀವು ಬದ್ಧರಲ್ಲ. ಸೋತರೂ ಗ್ರಾಹಕರ ಆಯೋಗದ ಬಾಗಿಲು ತೆರೆದಿರುತ್ತದೆ. ಆದರೆ ಮೊದಲೇ ಆಯೋಗದಲ್ಲಿ ಕೇಸು ಹಾಕಿದವರ ದೂರನ್ನು ಲೋಕಪಾಲರು ತೆಗೆದುಕೊಳ್ಳುವುದಿಲ್ಲ. ಅವಸರದಲ್ಲಿ ವಕೀಲರ ಬಳಿ ಓಡಿದವರು ಈ ಉಚಿತ ಅವಕಾಶವನ್ನು ಕಳೆದುಕೊಳ್ಳುವುದು ಹೀಗೇ. ಲೋಕಪಾಲರ ಮಿತಿ ಏನೆಂದರೆ ಅವರು ಕಾಗದ ನೋಡಿ, ಎರಡೂ ಕಡೆ ಕೇಳಿ ತೀರ್ಮಾನಿಸುತ್ತಾರೆ. ಸಾಕ್ಷಿಗಳ ಪಾಟೀಸವಾಲು ಇಲ್ಲ, ಮಾನಸಿಕ ಯಾತನೆಗೆ ಪರಿಹಾರವೂ ಇಲ್ಲ.

ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಯಾತನೆಗೂ ಖರ್ಚಿಗೂ ಪರಿಹಾರ ಕೇಳಬಹುದು, ಎರಡು ವರ್ಷ ಕಾಲಾವಕಾಶ ಇದೆ, ಕಟ್ಟಿದ ಕಂತಿನ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬೆಲೆ ತೆರಬೇಕಾದದ್ದು ಸಮಯದಲ್ಲಿ. ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಆದೇಶದ ಅರ್ಧ ಹಣ ಠೇವಣಿ ಇಡಬೇಕು ಎಂಬುದೊಂದು ಸಮಾಧಾನ, ಆದರೂ ವರ್ಷಗಳು ಉರುಳಬಹುದು, ನಿಮ್ಮ ಬಂಗಾರದ ಸಾಲಕ್ಕೆ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಲಾಯರ್ ನೋಟಿಸಿನಿಂದಲೇ ಹಣ ಬಂದದ್ದನ್ನು ನಾನು ವಿರಳವಾಗಿ ಕಂಡಿದ್ದೇನೆ. ಅದು ಕಾನೂನು ವಿಭಾಗಕ್ಕೆ ಹೋಗಿ ಒಂದು ಸಿದ್ಧ ಉತ್ತರದೊಂದಿಗೆ ಮರಳುತ್ತದೆ.

ನಡುವೆ ಎಲ್ಲಾದರೂ ಕಂಪನಿ ‘ಸೌಹಾರ್ದಕ್ಕಾಗಿ ಅರ್ಧ ಕೊಡುತ್ತೇವೆ, ಇಲ್ಲಿ ರುಜು ಹಾಕಿ’ ಎಂದೀತು. ಆ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂಬ ಪದಗಳಿದ್ದರೆ ಉಳಿದರ್ಧ ಕೇಳುವ ಹಕ್ಕು ಬಹುಮಟ್ಟಿಗೆ ಹೋದಂತೆ. ದಾಖಲೆ ದುರ್ಬಲವಾಗಿರುವವರಿಗೆ ಅದು ಒಳ್ಳೆಯ ವ್ಯವಹಾರ ಆಗಬಹುದು, ನಿಮಗೆ ಅಲ್ಲ. ಗೆದ್ದರೂ ಪೂರ್ತಿ 3,42,000 ಬರುತ್ತದೆಂದು ಎಣಿಸಬೇಡಿ. ಗ್ಲೌಸು, ಡಯಾಪರುಗಳಂಥ ಸಾಮಗ್ರಿ ಕಳೆಯುತ್ತಾರೆ. ನಿಮ್ಮ ಪಾಲಿಸಿಯಲ್ಲಿ ದಿನದ ಕೋಣೆ ಬಾಡಿಗೆಗೆ 5,000 ರೂಪಾಯಿಯ ಮಿತಿ ಇದ್ದು ನೀವು 8,000ದ ಕೋಣೆಯಲ್ಲಿದ್ದಿರಿ ಎಂದಿಟ್ಟುಕೊಂಡರೆ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ಶುಶ್ರೂಷೆ ಇವುಗಳಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡುತ್ತಾರೆ. ಆದರೆ ಈ ಕಡಿತವನ್ನು ಔಷಧಿ, ಸ್ಟೆಂಟ್, ಲ್ಯಾಬ್ ಪರೀಕ್ಷೆ, ಐಸಿಯು ಬಾಡಿಗೆಗಳ ಮೇಲೆ ಹಾಕುವಂತಿಲ್ಲ ಎಂದು 2020ರಿಂದಲೇ ನಿಯಮ ಇದೆ. ಹಾಕಿರುತ್ತಾರೆ, ಲೆಕ್ಕದ ಹಾಳೆಯನ್ನು ಸಾಲು ಸಾಲಾಗಿ ನೋಡಿ.

ಕಂತು ನಿಲ್ಲಿಸಬೇಡಿ. ಇದು ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದ ಸಾಲು. ಸ್ಟೆಂಟ್ ಹಾಕಿಸಿಕೊಂಡ 54ರ ಮನುಷ್ಯರಿಗೆ ಹೊಸ ಪಾಲಿಸಿ ಸಿಗುವುದು ಕಷ್ಟ, ಸಿಕ್ಕರೂ ಕಾಯುವ ಅವಧಿ ಮೊದಲಿನಿಂದ ಶುರು. 2025ರ ಆಗಸ್ಟ್‌ಗೆ ನಿಮ್ಮದಕ್ಕೆ 60 ತಿಂಗಳು ತುಂಬುತ್ತದೆ. ಆ ಎಲ್ಲೆ ದಾಟಿದ ಪಾಲಿಸಿಗೆ ಇರುವ ರಕ್ಷಣೆಯನ್ನು ಯಾವ ಎಫ್‌ಡಿಯೂ ಕೊಡಲಾರದು, ವರ್ಷದ ಕಂತನ್ನು ಕೂಡಿಟ್ಟರೆ ಇನ್ನೊಂದು ಸ್ಟೆಂಟಿಗೆ ಆಗುವಷ್ಟು ಹಣ ಸೇರಲು ಎಷ್ಟು ವರ್ಷ ಬೇಕೆಂದು ನೀವೇ ಲೆಕ್ಕ ಹಾಕಿ. ಅಷ್ಟರೊಳಗೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡುವ ನೋಟಿಸು ಕಳಿಸಿದರೆ ಸುಮ್ಮನಿರಬೇಡಿ. ಅದೇ ದೂರಿನಲ್ಲಿ, ಕ್ಲೇಮಿನ ಹಣದ ಜೊತೆಗೆ ಪಾಲಿಸಿಯನ್ನು ಬಿಡುವಿಲ್ಲದೆ ಮುಂದುವರಿಸಬೇಕೆಂದೂ ಕೇಳಿ. ನವೀಕರಣದ ದಿನಾಂಕಕ್ಕೆ ಮುಂಚೆಯೇ, ದಾಖಲೆ ಉಳಿಯುವ ರೀತಿಯಲ್ಲಿ ಹಣ ಕಟ್ಟಿ.

ಏಜೆಂಟರ ಮನೆಗೆ ಹೋಗಿ ಜಗಳ ಆಡಿ ಬರುವ ಯೋಚನೆ ಇದ್ದರೆ ಸದ್ಯಕ್ಕೆ ತಡೆಯಿರಿ. ಆರೋಗ್ಯದ ಪ್ರಶ್ನೆಗಳನ್ನು ನಾನು ಕೇಳಿರಲಿಲ್ಲ ಎಂದು ಅವರು ಬರೆದುಕೊಡುವುದು ಕಷ್ಟ, ಅವರ ಲೈಸೆನ್ಸಿನ ಪ್ರಶ್ನೆ ಅದು. ಆದರೆ 2020ರ ಆಗಸ್ಟ್‌ನಲ್ಲಿ ಅವರೊಂದಿಗೆ ನಡೆದ ವಾಟ್ಸ್‌ಆ್ಯಪ್ ಮಾತುಕತೆ, ಓಟಿಪಿ ಬಂದ ಸಂದೇಶ, ಅದರ ಸಮಯ ಇವೆಲ್ಲ ಬಹುಶಃ ನಿಮ್ಮ ಹಳೆಯ ಫೋನಿನಲ್ಲಿ ಇನ್ನೂ ಇರುತ್ತವೆ. ಬೇರೆ ಎಲ್ಲಕ್ಕಿಂತ ಮೊದಲು ಅವುಗಳ ಸ್ಕ್ರೀನ್‌ಶಾಟ್ ತೆಗೆದು ಎರಡು ಕಡೆ ಉಳಿಸಿ, ಆ ಫೋನನ್ನು ಮಕ್ಕಳ ಆಟಕ್ಕೂ ಎಕ್ಸ್‌ಚೇಂಜ್ ಆಫರಿಗೂ ಕೊಡದೆ ಬೀರುವಿನಲ್ಲಿಡಿ.